ಸೋತವರ ವಾದ ಬರೆಯುತ್ತಿದ್ದ ಜಡ್ಜ್ ಸಾಹೇಬರು

ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ, ಸೀರೆ ಅಂಗಡಿಯ ಜಾಹೀರಾತಿನ ಪಕ್ಕದಲ್ಲಿ ಬಂದಿತ್ತು. ನಾಲ್ಕೇ ಸಾಲು. ಮೊದಲ ಸಾಲಿನಲ್ಲಿ ‘ನಿವೃತ್ತ ನ್ಯಾಯಮೂರ್ತಿ’ ಎಂದಿತ್ತು, ಕೊನೆಯ ಸಾಲಿನಲ್ಲಿ ‘ಆರೋಪಿ’ ಎಂದಿತ್ತು. ಜೀವನ್ ಬಿಮಾ ನಗರದ ನಮ್ಮ ಮನೆಯ ವರಾಂಡದಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಓದಿದೆ. ಕೈಯಲ್ಲಿದ್ದ ಕಾಫಿ ಆರಿಹೋಯಿತು. ನಮ್ಮ ಯಜಮಾನರು ವಿಮಾ ಕಂಪನಿಯಲ್ಲಿ ಜನ್ಮವಿಡೀ ಸತ್ತವರ ಕಾಗದಪತ್ರ ನೋಡಿದ ಮನುಷ್ಯ, ಸಾವಿನ ವಿಷಯಕ್ಕೆ ಸುಲಭವಾಗಿ ಅಲುಗುವವರಲ್ಲ. ಅವರೂ ಪತ್ರಿಕೆ ಓದಿ ಮಡಚಿಟ್ಟು, ಹೋಗಿ ಬರುತ್ತೀಯಾ ಎಂದು ಮಾತ್ರ ಕೇಳಿದರು.

ಹೋದೆ. ಚಿತಾಗಾರದ ಹೊರಗೆ ನಿಂತಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇದೇ ಜಡ್ಜ್ ಸಾಹೇಬರ ಅರವತ್ತರ ಶಾಂತಿಗೆ ಇಂದಿರಾನಗರದ ಆ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಮಂತ್ರಿಗಳು ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದರು. ಈಗ ನಿಂತಿದ್ದವರು ಹತ್ತಿರದ ನೆಂಟರು, ಹಳೆಯ ಡ್ರೈವರು, ಯಾರ ಕಣ್ಣಿಗೂ ಬೀಳಬಾರದೆಂಬಂತೆ ಮರದ ಮರೆಯಲ್ಲಿದ್ದ ಕೆಲವು ವಕೀಲರು, ಮತ್ತೆ ನಾನು. ಅವರ ಹೆಂಡತಿ ನನ್ನನ್ನು ನೋಡಿದರು. ತಲೆಯನ್ನಷ್ಟೇ ಆಡಿಸಿದರು.

ಜಡ್ಜ್ ಸಾಹೇಬರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಣ್ಣುಮಗಳು ಇನ್ನೂ ಅದೇ ಹೆಸರನ್ನು ಹೊತ್ತುಕೊಂಡು ಅದೇ ರಸ್ತೆಯಲ್ಲಿ ತರಕಾರಿಗೆ ಹೋಗಬೇಕು.

ನಾನು ಅವರ ಸ್ಟೆನೋ ಆಗಿದ್ದೆ. ಕಾಗದದಲ್ಲಿ ನನ್ನ ಹುದ್ದೆಗೆ ತೀರ್ಪು ಬರಹಗಾರ್ತಿ ಎಂಬ ಭಾರಿ ಹೆಸರಿತ್ತು. ಅಸಲಿಗೆ ತೀರ್ಪು ಅವರದು, ಬೆರಳು ನನ್ನದು. ಅವರು ಸಿಟಿ ಸಿವಿಲ್ ಕೋರ್ಟಿನಲ್ಲಿ ಇದ್ದಾಗಿನಿಂದ ಹೈಕೋರ್ಟಿನಲ್ಲಿ ನಿವೃತ್ತಿಯಾಗುವವರೆಗೂ, ನಡುವೆ ಒಂದೆರಡು ಬಾರಿ ತಪ್ಪಿದ್ದು ಬಿಟ್ಟರೆ, ಅವರ ಮೇಜಿನ ಎದುರಿಗೆ ಕೂತವಳು ನಾನು. ಗಂಡನ ದನಿಗಿಂತ ಹೆಚ್ಚು ಅವರ ದನಿ ಕೇಳಿದ್ದೇನೆ ಎಂದು ನಮ್ಮ ಯಜಮಾನರೇ ಹಾಸ್ಯ ಮಾಡುತ್ತಿದ್ದರು.

ಜಡ್ಜ್ ಸಾಹೇಬರು ಹುಟ್ಟಿದ್ದು ಹಲಸೂರಿನ ದೇವಸ್ಥಾನದ ಹಿಂದಿನ ವಠಾರದಲ್ಲಿ. ಅಪ್ಪ ಮಿಲಿಟರಿ ಗೋದಾಮಿನಲ್ಲಿ ಗುಮಾಸ್ತ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಿವಾಜಿನಗರಕ್ಕೆ ಸಾಮಾನು ತರಲು ಹೋಗಿ ಹೋಗಿ ಉರ್ದು. ಮೂರನ್ನೂ ಬೀದಿಯವರ ಹಾಗೆಯೇ ಆಡುತ್ತಿದ್ದರು. ಸಾಕ್ಷಿಯ ಕಟಕಟೆಯಲ್ಲಿ ಹೆಂಗಸೊಬ್ಬಳು ದಖ್ಖನಿ ಉರ್ದುವಿನಲ್ಲಿ ಏನೋ ಹೇಳಿದಾಗ ವಕೀಲರು ಅದನ್ನು ತಮಗೆ ಬೇಕಾದ ಹಾಗೆ ಇಂಗ್ಲಿಷಿಗೆ ತಿರುಗಿಸಿದರೆ, ಇವರು ಕನ್ನಡಕದ ಮೇಲಿನಿಂದ ನೋಡಿ, ಆಯಮ್ಮ ಹೇಳಿದ್ದು ಅದಲ್ಲವಲ್ಲ ಎನ್ನುವರು. ಇಡೀ ಕೋರ್ಟು ನಗುತ್ತಿತ್ತು. ವಕೀಲರು ನಗುತ್ತಿರಲಿಲ್ಲ.

ಮಧ್ಯಾಹ್ನ ಚಹಾದ ಜೊತೆ ಬೆಣ್ಣೆ ಬಿಸ್ಕತ್ತು ಬೇಕೇ ಬೇಕು, ಅದೂ ಶಿವಾಜಿನಗರದ ಒಂದೇ ಬೇಕರಿಯದು. ಅದ್ದುವಾಗ ಬಿಸ್ಕತ್ತು ಮುರಿದು ಲೋಟದೊಳಗೆ ಬಿದ್ದರೆ, “ವಜಾ” ಎಂದು ಗಂಭೀರವಾಗಿ ಹೇಳಿ ಇನ್ನೊಂದನ್ನು ತೆಗೆದುಕೊಳ್ಳುವರು. ಮಗುವಿನಂಥ ಇಂಥ ಚೇಷ್ಟೆಗಳು ಬೇಕಾದಷ್ಟಿದ್ದವು. ಡಿಕ್ಟೇಷನ್ ಕೊಡುವಾಗ ಮಾತ್ರ ಬೇರೆಯೇ ಮನುಷ್ಯ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಚೇಂಬರಿನ ಉದ್ದಕ್ಕೂ ಬರಿಗಾಲಿನಲ್ಲಿ ಓಡಾಡುತ್ತ ಹೇಳುವರು. ಕುರ್ಚಿಗೆ ಎಡವಿದರೂ ವಾಕ್ಯ ಎಡವುತ್ತಿರಲಿಲ್ಲ.

ಅವರ ತೀರ್ಪಿಗೆ ಒಂದು ಕ್ರಮವಿತ್ತು. ಬೇರೆಯವರು ಗೆದ್ದವರ ವಾದವನ್ನು ಬೆಳೆಸಿ, ಸೋತವರದನ್ನು ಕೊನೆಯಲ್ಲಿ ಎರಡು ಸಾಲಿನಲ್ಲಿ ತಳ್ಳಿಹಾಕುತ್ತಾರೆ. ಇವರು ತಿರುಗುಮುರುಗು. ಸೋಲುವವನ ವಾದವನ್ನು ಮೊದಲು ಬರೆಸುವರು. ಅದನ್ನೂ ಅವನ ವಕೀಲ ಮಾಡಿದ್ದಕ್ಕಿಂತ ಚೆನ್ನಾಗಿ, ಅವನಿಗೆ ಹೊಳೆಯದ ಅಂಶಗಳನ್ನೂ ಸೇರಿಸಿ ಬರೆಸುವರು. ಎಷ್ಟೋ ಸಲ ಬರೆದುಕೊಳ್ಳುತ್ತ, ಅರೆ, ಈ ಮನುಷ್ಯನೇ ಗೆಲ್ಲುತ್ತಾನಲ್ಲ ಎಂದು ನನ್ನ ಪೆನ್ಸಿಲ್ಲು ನಿಂತುಬಿಡುತ್ತಿತ್ತು. ಅವರು ಒಂದು ಕಣ್ಣು ತೆರೆದು ನೋಡಿ ನಗುವರು. ಒಮ್ಮೆ ಹೀಗೇಕೆ ಎಂದು ಕೇಳಿದೆ.

“ಸೋತೋನು ಮನೆಗ್ಹೋಗಿ ಓದ್ತಾನಮ್ಮ. ನನ್ ಮಾತು ಯಾರೂ ಕೇಳ್ಲೇ ಇಲ್ಲ ಅಂತ ಅವ್ನಿಗೆ ಅನ್ನಿಸ್ಬಾರ್ದು,” ಎಂದರು.

ಆವತ್ತು ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣು ತುಂಬಿಕೊಂಡಿದ್ದು ನೆನಪಿದೆ. ಇಂಥವರ ಕೈಕೆಳಗೆ ಕೆಲಸ ಮಾಡುತ್ತಿದ್ದೇನಲ್ಲ ಎಂಬ ಹೆಮ್ಮೆ. ಮಕ್ಕಳಿಗೂ ಹೇಳಿದೆ, ಅಕ್ಕಪಕ್ಕದವರಿಗೂ ಹೇಳಿದೆ. ಕೇಳಿ ಕೇಳಿ ಅವರಿಗೆಲ್ಲ ಸಾಕಾಗಿರಬೇಕು.

ಹಾಸಿಗೆ ಗಲ್ಲಿಯ ಕೇಸು ಬಂದದ್ದು ಅವರು ಹೈಕೋರ್ಟಿಗೆ ಬಂದ ಹೊಸದರಲ್ಲಿ. ಶಿವಾಜಿನಗರದ ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ಗಲ್ಲಿ. ಅಲ್ಲಿರುವವರೆಲ್ಲ ಹತ್ತಿ ಹಿಂಜಿ ಹಾಸಿಗೆ, ದಿಂಬು, ರಜಾಯಿ ಹೊಲಿಯುವ ಮುಸ್ಲಿಂ ಮನೆತನಗಳು. ಕೆಳಗೆ ಅಂಗಡಿ, ಮೇಲೆ ಮನೆ. ಬ್ರಿಟಿಷರ ದಂಡು ಇಲ್ಲಿದ್ದ ಕಾಲದಲ್ಲಿ ಸಿಪಾಯಿಗಳಿಗೆ ಹಾಸಿಗೆ ಹೊಲಿಯಲೆಂದು ಇವರ ಹಿರಿಯರನ್ನು ಕರೆತಂದು ಜಾಗ ಕೊಟ್ಟಿದ್ದರಂತೆ. ಷರತ್ತು ಒಂದೇ: ಆ ಗಲ್ಲಿಯಲ್ಲಿ ಹಾಸಿಗೆಯ ಕಸುಬು ನಡೆಯುವವರೆಗೂ ಜಾಗ ಅವರದು. ಸರ್ಕಾರ ಬಸ್ ನಿಲ್ದಾಣ ದೊಡ್ಡದು ಮಾಡುತ್ತೇವೆಂದು ಅವರನ್ನು ಎಬ್ಬಿಸಲು ಹೊರಟಿತ್ತು. ಗಲ್ಲಿಯವರ ಪರವಾಗಿ ಅರ್ಜಿ ಹಾಕಿದವರು ಹಬೀಬ್ ಸಾಹೇಬರು. ಹತ್ತಿಯ ಧೂಳು ಕುಡಿದು ಆಗಲೇ ಕೆಮ್ಮುತ್ತಿದ್ದ ಮೃದು ಮನುಷ್ಯ. ಪ್ರತಿ ಸಲವೂ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು, ಹೆಂಡತಿ ಜೈನಬ್ ಬೀಯವರನ್ನು ಕರೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂರುವರು.

ಸೋಲುವುದು ಸರ್ಕಾರ. ಹಾಗಾಗಿ ಕ್ರಮದಂತೆ ಸರ್ಕಾರದ ವಾದ ಮೊದಲು. ಸರ್ಕಾರಿ ವಕೀಲರು ಊರಿಗೆ ಬಸ್ಸು ಬೇಕು ಎನ್ನುವುದರಾಚೆ ಏನನ್ನೂ ಹೇಳಿರಲಿಲ್ಲ. ಇವರೇ ಅವರ ಪರವಾಗಿ ಒಂದು ಅಂಶ ಹುಡುಕಿ ಬರೆಸಿದರು. ಕಸುಬು ನಡೆಯುವವರೆಗೆ ಹಕ್ಕು ಎಂದಮೇಲೆ, ಯಾವ ಕಾರಣಕ್ಕಾಗಲಿ ಕಸುಬು ನಿಂತ ದಿನ ಹಕ್ಕೂ ನಿಲ್ಲುತ್ತದೆ ಎಂದು. ಆಮೇಲೆ, ಆದರೆ ಕಸುಬು ನಿಂತಿಲ್ಲ, ಇವತ್ತಿಗೂ ಅಲ್ಲಿ ಹತ್ತಿ ಹಿಂಜುತ್ತಿದ್ದಾರೆ, ಆದ್ದರಿಂದ ಅವರನ್ನು ಯಾರೂ ಅಲುಗಿಸುವಂತಿಲ್ಲ ಎಂದು ಮುಗಿಸಿದರು. ಅದನ್ನು ಟೈಪು ಮಾಡುವಾಗ ನನಗೆ ರೋಮಾಂಚನವಾಯಿತು.

ಮಾರನೆಯ ದಿನ ಹಬೀಬ್ ಸಾಹೇಬರು ಹೊಸ ಹಾಸಿಗೆಯೊಂದನ್ನು ಹೊರಿಸಿಕೊಂಡು ಹೈಕೋರ್ಟಿನ ವರಾಂಡಕ್ಕೇ ಬಂದುಬಿಟ್ಟರು. ಪೊಲೀಸರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಜಡ್ಜ್ ಸಾಹೇಬರು ಹೊರಗೆ ಬಂದು ನೋಡಿ, “ತಗೊಂಡ್ ಹೋಗಿ ಸಾಬ್ರೆ. ಈ ಕೋರ್ಟಲ್ಲಿ ಈಗ್ಲೇ ಬೇಕಾದಷ್ಟು ಜನ ನಿದ್ದೆ ಮಾಡ್ತಾರೆ,” ಎಂದು ಒಳಗೆ ಹೋದರು. ಹಾಸಿಗೆ ವಾಪಸು ಹೋಯಿತು. ಆ ಮಾತು ಮಾತ್ರ ವಕೀಲರ ಸಂಘದಲ್ಲಿ ವರ್ಷಗಟ್ಟಲೆ ಓಡಾಡಿತು. ಆಮೇಲಿನಿಂದ ಪ್ರತಿ ರಂಜಾನಿಗೆ ಜೈನಬ್ ಬೀ ನಮ್ಮ ಮನೆಗೆ ಶ್ಯಾವಿಗೆ ಕಳಿಸತೊಡಗಿದರು. ಜಡ್ಜಿಗೆ ಕೊಡುವಂತಿಲ್ಲವಲ್ಲ, ಜಡ್ಜಿನ ಸ್ಟೆನೋಗೆ ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಜಡ್ಜುಗಳ ಮನೆಯ ಮುಂದೆ ಕಾಗೆಯೂ ಕೂರುವುದಿಲ್ಲ ಎಂದು ನಾವು ಸಿಬ್ಬಂದಿ ಆಡಿಕೊಳ್ಳುತ್ತಿದ್ದೆವು. ಇವರ ವಿಷಯದಲ್ಲಿ ಅದು ಸುಳ್ಳಾಯಿತು. ಒಂದು ಆಯೋಗ, ಇನ್ನೊಂದು ಸಮಿತಿ ಎಂದು ಶುರುವಾಗಿ, ಹೊಸ ಸರ್ಕಾರ ಬಂದಾಗ ಮುಖ್ಯಮಂತ್ರಿಗಳ ಸಲಹೆಗಾರರೇ ಆದರು. ಮಂತ್ರಿಯ ದರ್ಜೆ, ಮನೆಯ ಮುಂದೆ ಪೊಲೀಸ್ ಗೂಡು, ಹಿಂದೊಬ್ಬ ಮುಂದೊಬ್ಬ ಗನ್‌ಮ್ಯಾನ್. ಯಾವ ಬಿಕ್ಕಟ್ಟು ಬಂದರೂ ಟೀವಿಯವರು ಅವರ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಸರ್ಕಾರ ನಡೆಸುತ್ತಿರುವುದೇ ಅವರು ಎನ್ನುವವರಿದ್ದರು. ನಾನೂ ನಿವೃತ್ತಳಾಗಿದ್ದೆ. ದೊಮ್ಮಲೂರಿನ ಒಂದು ಮದುವೆಯಲ್ಲಿ ಸಿಕ್ಕಾಗ ಅಷ್ಟು ಜನರ ನಡುವೆ ನನ್ನನ್ನು ಗುರುತಿಸಿ ಕರೆದು ಮಾತಾಡಿಸಿದರು. ಊಟ ಮುಗಿಸಿ ಮನೆಗೆ ಬರುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದಾದ ಮಾರನೆಯ ವರ್ಷ ಜೈನಬ್ ಬೀ ನಮ್ಮ ಮನೆಗೆ ಬಂದರು. ಶ್ಯಾವಿಗೆಯ ಕಾಲವಲ್ಲ. ಮುಖ ಬಾಡಿತ್ತು. ಪಾಲಿಕೆಯವರು ಬಂದು, ಹತ್ತಿಯಿಂದ ಬೆಂಕಿಯ ಅಪಾಯವಿದೆ ಎಂದು ಇಡೀ ಗಲ್ಲಿಯ ಪರವಾನಗಿ ರದ್ದು ಮಾಡಿ, ಹಿಂಜುವ ಯಂತ್ರಗಳಿಗೆಲ್ಲ ಸೀಲು ಹಾಕಿ ಹೋಗಿದ್ದರು. ತಿಂಗಳುಗಳು ಕಳೆದರೂ ಸೀಲು ತೆಗೆದಿರಲಿಲ್ಲ. ಕೆಲಸವಿಲ್ಲದೆ ಕೆಲವರು ಮನೆ ಖಾಲಿ ಮಾಡಿ ಟಿನ್ ಫ್ಯಾಕ್ಟರಿ ಕಡೆ ಕೂಲಿಗೆ ಹೋಗಿದ್ದರು. ಈಗ ನೋಟಿಸು ಬಂದಿತ್ತು: ಕಸುಬು ನಿಂತಿರುವುದರಿಂದ ಜಾಗ ಬಿಟ್ಟುಕೊಡಿ ಎಂದು. ಗಲ್ಲಿಯವರು ಮತ್ತೆ ಕೋರ್ಟಿಗೆ ಹೋಗಿದ್ದರು. ಹಬೀಬ್ ಸಾಹೇಬರಿಗೆ ಮಾತ್ರ ಒಂದೇ ನಂಬಿಕೆ. ನಮ್ಮ ಜಡ್ಜ್ ಸಾಬ್ ಈಗ ಸರ್ಕಾರದಲ್ಲೇ ಇದ್ದಾರೆ, ಅವರಿಗೆ ಈ ವಿಷಯ ಗೊತ್ತಾಗಿಲ್ಲ, ಒಂದು ಮಾತು ಕಿವಿಗೆ ಹಾಕಿದರೆ ಸಾಕು.

ನನಗೂ ಹಾಗೇ ಅನ್ನಿಸಿತು. ಫೋನು ಮಾಡಿದೆ. ಜಡ್ಜ್ ಸಾಹೇಬರೇ ಎತ್ತಿಕೊಂಡು, ಕರ್ಕೊಂಡ್ ಬಾಮ್ಮಾ ಎಂದರು.

ಇಂದಿರಾನಗರದ ಮನೆಗೆ ನಾವು ಮೂವರು ಆಟೋದಲ್ಲಿ ಹೋದೆವು. ಹಬೀಬ್ ಸಾಹೇಬರಿಗೆ ಮೆಟ್ಟಿಲು ಹತ್ತಲು ಉಸಿರು ಸಾಲುತ್ತಿರಲಿಲ್ಲ. ಇವರು ತಾವೇ ಎದ್ದು ಬಂದು, ಕೈ ಹಿಡಿದು, ಸೋಫಾದಲ್ಲಿ ಕೂರಿಸಿದರು. ಉರ್ದುವಿನಲ್ಲಿ ಮಾತಾಡಿಸಿದರು. ಚಹಾ ತರಿಸಿದರು. ನೋಟಿಸಿನ ಕಥೆಯನ್ನೆಲ್ಲ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ಕಸುಬು ಪೂರ್ತಿ ನಿಂತಿದೆಯಾ ಎಂದು.

ಜೈನಬ್ ಬೀ ಗಂಡನ ತೋಳು ಮುಟ್ಟಿದರು. ವಿಷಯವೇನೆಂದರೆ, ಕಸುಬು ಪೂರ್ತಿ ನಿಂತಿರಲಿಲ್ಲ. ಯಂತ್ರಕ್ಕೆ ಸೀಲು ಬಿದ್ದ ಮೇಲೆ ಹಬೀಬ್ ಸಾಹೇಬರು ತಮ್ಮ ಅಪ್ಪನ ಕಾಲದ, ಹತ್ತಿ ಹಿಂಜುವ ಮರದ ಬಿಲ್ಲನ್ನು ಅಟ್ಟದಿಂದ ಇಳಿಸಿ, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೈಯಿಂದಲೇ ಹಿಂಜುತ್ತಿದ್ದರು. ಮದುವೆ ಮನೆಗಳಿಗೆ ಒಂದೊಂದು ರಜಾಯಿ ಹೊಲಿದು ಕೊಡುತ್ತಿದ್ದರು. ಕಸುಬು ನಡೆಯುತ್ತಲೇ ಇದೆ ಎನ್ನಲು ಅವರ ಕೈಯಲ್ಲಿದ್ದದ್ದು ಅದೊಂದೇ. ವಿಚಾರಣೆಯ ದಿನದವರೆಗೂ ಯಾರ ಮುಂದೆಯೂ ಬಾಯಿಬಿಡಬೇಡಿ ಎಂದು ವಕೀಲರು ಕಟ್ಟುನಿಟ್ಟಾಗಿ ಹೇಳಿದ್ದರು.

“ನಿಮ್ಹತ್ರ ಏನ್ ಮುಚ್ಚೋದು ಸಾಬ್,” ಎಂದು ಹಬೀಬ್ ಸಾಹೇಬರು ಎಲ್ಲವನ್ನೂ ಹೇಳಿಬಿಟ್ಟರು. ವೈದ್ಯರ ಮುಂದೆ ಅಂಗಿ ಬಿಚ್ಚಿದ ಹಾಗೆ.

ಇವರು ಮುಂದಕ್ಕೆ ಬಾಗಿ ಕೂತರು. ಕಣ್ಣು ಹೊಳೆಯಿತು. ಬಿಲ್ಲಾ, ಕೈಯಲ್ಲಾ, ಯಾವ ಕೋಣೆ, ಶಬ್ದ ಬೀದಿಗೆ ಕೇಳುವುದಿಲ್ಲವಾ ಎಂದೆಲ್ಲ ಆಸಕ್ತಿಯಿಂದ ವಿಚಾರಿಸಿದರು. ನೋಡೋಣ, ಏನಾದರೂ ಮಾಡುತ್ತೇನೆ ಎಂದು ಗೇಟಿನವರೆಗೂ ಬಂದು ಬೀಳ್ಕೊಟ್ಟರು. ಹಿಂದಿರುಗುವಾಗ ಹಲಸೂರು ಕೆರೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಹಬೀಬ್ ಸಾಹೇಬರು ಕೆಮ್ಮುತ್ತಲೇ ನಗುತ್ತಿದ್ದರು, ಇಂಥ ಮನುಷ್ಯ ಎಲ್ಲಿ ಸಿಗುತ್ತಾರೆ ಎಂದು ಆಟೋದವನಿಗೂ ಹೇಳಿದರು.

ಆ ವಾರ ಮುಗಿಯುವುದರೊಳಗೆ ಜೈನಬ್ ಬೀಯವರ ಫೋನು ಬಂತು. ಪಾಲಿಕೆಯವರು ಪೊಲೀಸರ ಜೊತೆ ಬಂದಿದ್ದರು. ಬೇರೆ ಯಾವ ಮನೆಯ ಕಡೆಗೂ ತಿರುಗಿ ನೋಡಲಿಲ್ಲವಂತೆ. ನೇರ ಹಬೀಬ್ ಸಾಹೇಬರ ಮನೆ, ನೇರ ಹಿಂದಿನ ಕೋಣೆ. ಬಿಲ್ಲನ್ನು ಎತ್ತಿಕೊಂಡು ಹೋದರು. ಹೋಗುವ ಮೊದಲು, ಗಲ್ಲಿಯಲ್ಲಿ ಯಾವ ಕಸುಬೂ ನಡೆಯುತ್ತಿಲ್ಲ ಎಂದು ಬರೆದುಕೊಂಡರು. ಅಡ್ಡ ಹೋದ ಹಬೀಬ್ ಸಾಹೇಬರು ಉಸಿರು ಕಟ್ಟಿ ಅಲ್ಲೇ ಕುಸಿದಿದ್ದರು. ಆವತ್ತು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ.

ನನಗೆ ಆಗಲೂ ಹೊಳೆಯಲಿಲ್ಲ. ನಿಜವಾಗಿ ಹೊಳೆಯಲಿಲ್ಲ. ಅಕ್ಕಪಕ್ಕದವರು ಯಾರೋ ಚಾಡಿ ಹೇಳಿರಬೇಕು ಎಂದುಕೊಂಡೆ. ಜಡ್ಜ್ ಸಾಹೇಬರಿಗೆ ತಿಳಿಸೋಣವೆಂದು ಫೋನು ಮಾಡಿದರೆ, ಮೀಟಿಂಗಿನಲ್ಲಿದ್ದಾರೆ ಎಂದರು.

ವಿಚಾರಣೆಯ ದಿನ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಜೈನಬ್ ಬೀಯವರ ಪಕ್ಕ ಕೂತೆ. ಸರ್ಕಾರದ ವಕೀಲರು ಇವರ ಹಳೆಯ ತೀರ್ಪನ್ನೇ ಎತ್ತಿ ಓದಿದರು. ಕಸುಬು ನಿಂತ ದಿನ ಹಕ್ಕೂ ನಿಲ್ಲುತ್ತದೆ ಎಂಬ ಆ ಸಾಲು. ನನ್ನ ಬೆರಳಿನಿಂದಲೇ ಕಾಗದಕ್ಕೆ ಇಳಿದಿದ್ದ ಸಾಲು. ಗಲ್ಲಿಯ ವಕೀಲರು ಎದ್ದು ಬಿಲ್ಲಿನ ಕಥೆ ಹೇಳಿದರು. ಪೀಠದ ಮೇಲಿದ್ದವರು ಮಾತು ಕಡಿಮೆಯ, ಚುರುಕಾದ ಹೆಣ್ಣುಮಗಳು. ಪಾಲಿಕೆಯ ಅಧಿಕಾರಿಯನ್ನು ಮುಂದಕ್ಕೆ ಕರೆದು, ಬೀದಿಗೆ ಕಾಣದ ಕೋಣೆ ನಿಮಗೆ ಹೇಗೆ ಕಂಡಿತು ಎಂದು ಕೇಳಿದರು. ಆತ ದೂರು ಬಂದಿತ್ತು ಎಂದ. ಯಾರ ದೂರು ಎಂದರು. ಆತ ಸರ್ಕಾರಿ ವಕೀಲರ ಮುಖ ನೋಡಿದ. ಅವರು ಕಡತದೊಳಗೆ ತಲೆ ಹುದುಗಿಸಿದರು. ಸುಳ್ಳು ಹೇಳಿದರೆ ಇಲ್ಲಿಂದಲೇ ಜೈಲಿಗೆ ಹೋಗುತ್ತೀರಿ ಎಂದು ಪೀಠ ಮೆತ್ತಗೆ ಹೇಳಿತು. ಆತ ಕೈಮುಗಿದು ಬಾಯಿಬಿಟ್ಟ.

“ಸಲಹೆಗಾರ್ ಸಾಹೇಬ್ರೇ ಫೋನ್ ಮಾಡಿ ಹೇಳಿದ್ರು ಮೇಡಂ. ಹಿಂದಿನ್ ರೂಮಲ್ಲಿದೆ, ಬಿಲ್ಲು ಎತ್ಕೊಂಡ್ ಬನ್ನಿ ಅಂತ.”

ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ. ಇನ್ನೊಂದು ಪಕ್ಕದಲ್ಲಿದ್ದವರನ್ನು ಏನೆಂದರು ಎಂದು ಕೇಳಿದೆ. ಅವರು ಇನ್ನೊಮ್ಮೆ ಹೇಳಿದರು. ಆಗಲೂ ಇಳಿಯಲಿಲ್ಲ. ಆಮೇಲೆ ಒಂದೊಂದಾಗಿ ಅರ್ಥವಾಗತೊಡಗಿತು. ಗಲ್ಲಿಯವರನ್ನು ನೇರವಾಗಿ ಎಬ್ಬಿಸಲಾಗುವುದಿಲ್ಲ, ಇವರದೇ ತೀರ್ಪು ಅಡ್ಡ ಇದೆ. ಆದರೆ ಕಸುಬನ್ನೇ ನಿಲ್ಲಿಸಿದರೆ? ಸೀಲು ಹಾಕುವ ಉಪಾಯವೂ ಅವರದೇ. ಸೋಲುವವರಿಗಾಗಿ ಆವತ್ತು ಪ್ರೀತಿಯಿಂದ ಹುಡುಕಿ ಕೊಟ್ಟ ಅಂಶವನ್ನೇ ಅವರು ಈಗ ಹೊರತೆಗೆದು ಗಲ್ಲಿಯವರ ಕುತ್ತಿಗೆಗೆ ಹಾಕಿದ್ದರು. ಜೈನಬ್ ಬೀ ಮಿಸುಕಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದೆ ನೋಡುತ್ತ ಕೂತಿದ್ದರು.

ಸಂಜೆಯ ಹೊತ್ತಿಗೆ ಟೀವಿಯಲ್ಲೆಲ್ಲ ಅದೇ. ಆ ಜಾಗದಲ್ಲಿ ಏಳಬೇಕಿದ್ದದ್ದು ಬಸ್ ನಿಲ್ದಾಣವೂ ಅಲ್ಲ, ಶಾಪಿಂಗ್ ಮಾಲ್ ಎಂದು ಹೊರಬಂತು. ಕಟ್ಟುವ ಕಂಪನಿಯಲ್ಲಿ ಅವರ ಮಗ ಪಾಲುದಾರ ಎಂದು ಮರುದಿನ ಹೊರಬಂತು. ಮುಖ್ಯಮಂತ್ರಿಗಳು ಅವರ ಪರಿಚಯವೇ ಅಷ್ಟಿಲ್ಲ ಎನ್ನುವಂತೆ ಮಾತಾಡಿದರು. ಹುದ್ದೆ ಹೋಯಿತು. ಕೇಸು ದಾಖಲಾಯಿತು, ವಿಚಾರಣೆಗೆ ಕರೆದೊಯ್ದರು, ಜಾಮೀನು ಸಿಕ್ಕಿತು. ಟೀವಿಯಲ್ಲಿ ಅವರು ಪೊಲೀಸ್ ಜೀಪಿನಿಂದ ಇಳಿಯುವುದನ್ನು ತೋರಿಸುವಾಗ ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಹಳೆಯ ಸಹೋದ್ಯೋಗಿಗಳು ಫೋನು ಮಾಡಿ, ನಮಗೆ ಮೊದಲೇ ಗೊತ್ತಿತ್ತು ಎಂದರು. ನನಗೆ ಮೈಯೆಲ್ಲ ಉರಿಯಿತು. ಯಾರಿಗೂ ಏನೂ ಗೊತ್ತಿರಲಿಲ್ಲ. ಅವರ ಎದುರಿಗೇ ಕೂತಿದ್ದ ನನಗೇ ಗೊತ್ತಿರಲಿಲ್ಲ.

ಒಂದು ದಿನ ತಡೆಯಲಾಗದೆ ಅವರ ಮನೆಗೆ ಹೋದೆ. ಪೊಲೀಸ್ ಗೂಡು ಖಾಲಿಯಿತ್ತು. ಬಾಗಿಲು ತೆರೆದ ಹೆಂಡತಿ ಬನ್ನಿ ಎಂದು ಒಳಗೆ ಬಿಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಇವರು ಪಂಚೆ, ಬನಿಯನ್ನಿನಲ್ಲಿ ಕೂತಿದ್ದರು. ಸೊರಗಿದ್ದರು. ಅಳುತ್ತಾರೆ, ಇಲ್ಲವೇ ಮಗನ ಮೇಲೆ ಹಾಕುತ್ತಾರೆ ಎಂದುಕೊಂಡಿದ್ದೆ. ಎರಡಕ್ಕೂ ನಾನು ತಯಾರಾಗಿ ಬಂದಿದ್ದೆ. ಯಾಕೆ ಸಾರ್ ಎಂದು ಕೇಳಿದೆ, ಅಷ್ಟೇ ಬಾಯಿಗೆ ಬಂತು.

“ಜಡ್ಜ್ ಆಗಿದ್ದಾಗ ಜಡ್ಜ್ ಕೆಲ್ಸ ಮಾಡ್ದೆ. ಆಮೇಲೆ ಸರ್ಕಾರ ನನ್ ಕಕ್ಷಿದಾರ ಆಯ್ತು. ದಾರಿ ಇದ್ಯಾ ಅಂತ ಕೇಳಿದ್ರು. ಇತ್ತು. ಹೇಳ್ದೆ,” ಎಂದರು.

ಅವರು ನಿಮ್ಮನ್ನು ನಂಬಿ ಹೇಳಿದ್ದು ಎಂದೆ. ವಕೀಲರನ್ನು ಕೇಳದೆ ಹೇಳಬಾರದಾಗಿತ್ತು ಎಂದರು. ಕಕ್ಷಿದಾರರು ಮಾಡುವ ಮಾಮೂಲು ತಪ್ಪು ಅದು ಎಂದು, ಕಿರಿಯ ವಕೀಲರಿಗೆ ಪಾಠ ಹೇಳುವ ದನಿಯಲ್ಲಿ. ಆಮೇಲೆ ತಲೆ ಅಲ್ಲಾಡಿಸಿ, ಸಣ್ಣಗೆ ನಕ್ಕರು.

“ಬಿಲ್ಲೊಂದು ನಂಗೆ ಹೊಳೆದಿರ್ಲಿಲ್ಲ ಕಣಮ್ಮ. ಎಲ್ಲಾ ಯೋಚ್ನೆ ಮಾಡಿದ್ದೆ. ಅದೊಂದು ಹೊಳೆದಿರ್ಲಿಲ್ಲ.”

ಆ ನಗುವಿನಲ್ಲಿ ಮೆಚ್ಚುಗೆ ಇತ್ತು. ಒಳ್ಳೆಯ ಅಂಶವೊಂದನ್ನು ಕಂಡಾಗ ಚೇಂಬರಿನಲ್ಲಿ ನಗುತ್ತಿದ್ದರಲ್ಲ, ಅದೇ ನಗು. ದುಡ್ಡಿಗಾಗಿ ಮಾಡಿದರು, ಮಗನಿಗಾಗಿ ಮಾಡಿದರು ಎಂದು ಎಲ್ಲರೂ ಹೇಳಿದರು. ಅದೂ ಇರಬಹುದು, ಕೋರ್ಟು ನೋಡಿಕೊಳ್ಳಲಿ. ನಾನು ಬೆಚ್ಚಿಬಿದ್ದದ್ದು ಆ ನಗುವಿಗೆ. ಆವತ್ತು ಗಲ್ಲಿಯವರನ್ನು ಗೆಲ್ಲಿಸಿದಾಗಲೂ ಇವರಿಗೆ ಆ ಗಲ್ಲಿ, ಆ ಮನೆಗಳು, ಕೆಮ್ಮುತ್ತ ಕೂತಿದ್ದ ಆ ಮನುಷ್ಯ ಕಂಡಿದ್ದರೋ ಇಲ್ಲವೋ ಎಂಬ ಅನುಮಾನ ಆಗ ಶುರುವಾದದ್ದು ಇನ್ನೂ ಬಿಟ್ಟಿಲ್ಲ. ಕಾಫಿ ಬಂತು, ಕುಡಿಯಲಾಗಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅವರ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೊರಡುವಾಗ ಮತ್ತೆ ಬನ್ನಿ ಎನ್ನಲಿಲ್ಲ.

ಗಲ್ಲಿಯವರು ಗೆದ್ದರು. ಸರ್ಕಾರವೇ ಕಸುಬನ್ನು ನಿಲ್ಲಿಸಿ, ನಿಂತಿದೆ ಎಂದು ಹೇಳುವುದು ನ್ಯಾಯವಲ್ಲ ಎಂದು ಪೀಠ ಹೇಳಿತು. ಸೀಲು ತೆಗೆದರು. ಹೋದವರಲ್ಲಿ ಕೆಲವರು ವಾಪಸು ಬಂದರು, ಹೆಚ್ಚಿನವರು ಬರಲಿಲ್ಲ. ಹಬೀಬ್ ಸಾಹೇಬರು ಆ ತೀರ್ಪು ಕೇಳಲು ಇರಲಿಲ್ಲ. ಅದಕ್ಕೆ ಕೆಲವು ವಾರ ಮೊದಲೇ ತೀರಿಕೊಂಡಿದ್ದರು.

ಚಿತಾಗಾರದಿಂದ ಬಂದು ಸ್ನಾನ ಮಾಡಿ, ಸಂಜೆ ಶಿವಾಜಿನಗರಕ್ಕೆ ಹೋದೆ. ಯಾಕೆ ಹೋದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಈ ಸುದ್ದಿಯನ್ನು ಹಂಚಿಕೊಳ್ಳಲು ನನಗೆ ಬೇರೆ ಯಾರೂ ಇರಲಿಲ್ಲ. ಅಂಗಡಿಯಲ್ಲಿ ಜೈನಬ್ ಬೀ ನೆಲದ ಮೇಲೆ ಕೂತು ರಜಾಯಿಗೆ ದಪ್ಪ ದಾರದ ಹೊಲಿಗೆ ಹಾಕುತ್ತಿದ್ದರು. ಮೈಮೇಲೆಲ್ಲ ಹತ್ತಿಯ ಎಳೆ. ಜಡ್ಜ್ ಸಾಹೇಬರು ಹೋದರು ಎಂದೆ. ಸೂಜಿ ನಿಂತಿತು. ಒಳ್ಳೆಯದಾಯಿತು ಎನ್ನುತ್ತಾರೆ, ಶಾಪ ಹಾಕುತ್ತಾರೆ ಎಂದು ಕಾದೆ. ಹಾಕಿದ್ದರೆ ನನಗೂ ಒಂದಿಷ್ಟು ಹಗುರಾಗುತ್ತಿತ್ತು.

ಅವರು ಪಕ್ಕದಲ್ಲಿ ಜಾಗ ಮಾಡಿ ನನ್ನನ್ನು ಕೂರಿಸಿಕೊಂಡರು. ಸೂಜಿಯನ್ನು ರಜಾಯಿಗೆ ಚುಚ್ಚಿಟ್ಟು, ಕೋರ್ಟಿನಲ್ಲಿ ಕೇಳಿದ್ದನ್ನು ಗಂಡನಿಗೆ ತಾವು ಹೇಳಲೇ ಇಲ್ಲ ಎಂದರು. ಕೋರ್ಟಿನಿಂದ ಬಂದ ದಿನವೇ ಟೀವಿಯ ವೈರು ಕಿತ್ತಿಟ್ಟರಂತೆ. ನೋಡಲು ಬಂದವರಿಗೆಲ್ಲ ಬಾಗಿಲಲ್ಲೇ ಕೈಮುಗಿದು, ಒಳಗೆ ಆ ಮಾತೆತ್ತಬೇಡಿ ಎಂದು ಬೇಡಿಕೊಂಡರಂತೆ. ಹಬೀಬ್ ಸಾಹೇಬರು ಕೊನೆಯವರೆಗೂ, ಜಡ್ಜ್ ಸಾಬ್ ಮಾತು ಕೊಟ್ಟಿದ್ದಾರೆ, ಏನಾದರೂ ಮಾಡುತ್ತಾರೆ ಎನ್ನುತ್ತಲೇ ಇದ್ದರು. ಐದು ಹೊತ್ತಿನ ನಮಾಜಿನಲ್ಲೂ, ಮಲಗಿದಲ್ಲೇ ಕೈಯೆತ್ತಿ, ಅವರಿಗಾಗಿ ದುವಾ ಕೇಳುತ್ತಿದ್ದರು.

ಇಷ್ಟನ್ನು ಹೇಳಿ ಜೈನಬ್ ಬೀ ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು.

“ಈಗ ಇಬ್ರೂ ಅಲ್ಲೇ ಇರ್ತಾರಲ್ಲಮ್ಮಾ. ಎದುರಿಗೆ ಸಿಕ್ರೆ ನಮ್ ಮನೆಯವ್ರು ಎದ್ದು ಸಲಾಂ ಹೇಳ್ತಾರೆ, ಅವ್ರಿಗೆ ಏನೂ ಗೊತ್ತಿಲ್ಲ. ಆ ಸಾಬ್ ಆಗ ಏನ್ ಹೇಳ್ತಾರೆ?”

ಅಷ್ಟು ವರ್ಷ ಅವರ ಒಂದೊಂದು ಮಾತನ್ನೂ ಬರೆದುಕೊಂಡವಳು ನಾನು. ಆ ಪ್ರಶ್ನೆಗೆ ಅವರ ಬಾಯಿಂದ ಬರಬಹುದಾದ ಒಂದು ಮಾತೂ ನನಗೆ ತೋಚಲಿಲ್ಲ.